ಟರ್ಕಿ ಕೈಮ: ನೀರು ಬಿಟ್ಟು ಬೇಯದೆ ಕೆಂಪಗೆ ಹುರಿಯುವುದು ಹೇಗೆ

ಅಮೆರಿಕದಲ್ಲಿ ಮನೆಮಂದಿಗೆ ರಾತ್ರಿ ಊಟ ಸ್ವಲ್ಪ ಹಗುರವಾಗಿರಲಿ ಎಂದು ಟರ್ಕಿ ಕೋಳಿಯ ಕೈಮ ತರುವವರಿಗಾಗಿ ಈ ಟಿಪ್ಪಣಿ. ಎಲ್ಲ ಅಳತೆಯೂ 1 ಪೌಂಡ್ ಪ್ಯಾಕಿಗೆ, ಅಂದರೆ 454 ಗ್ರಾಂಗೆ. ನಾಲ್ಕು ಜನರಿಗೆ ಸಾಕು.

ಲೇಬಲ್

ಪ್ಯಾಕಿನ ಮೇಲಿನ 93/7, 85/15 ಎನ್ನುವುದರಲ್ಲಿ ಮೊದಲ ಸಂಖ್ಯೆ ಕೊಬ್ಬಿಲ್ಲದ ಮಾಂಸದ ಶೇಕಡಾ ಪಾಲು, ಎರಡನೆಯದು ಕೊಬ್ಬಿನದು. ಇದು ತೂಕದ ಲೆಕ್ಕ, ಕ್ಯಾಲೊರಿಯದಲ್ಲ. 93/7 ತಗೊಂಡರೆ 112 ಗ್ರಾಂ ಹಸಿ ಮಾಂಸದಲ್ಲಿ ಕೊಬ್ಬು ಸುಮಾರು 8 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 72 ಆಯಿತು. ಅಷ್ಟು ಮಾಂಸದ ಒಟ್ಟು ಕ್ಯಾಲೊರಿಯೇ ಸುಮಾರು 160, ಹಾಗಾಗಿ ಹತ್ತಿರ ಹತ್ತಿರ ಅರ್ಧ ಕೊಬ್ಬಿನಿಂದಲೇ ಬರುತ್ತದೆ. ಅಷ್ಟೇ ತೂಕದ 80/20 ದನದ ಕೈಮದಲ್ಲಿ ಕೊಬ್ಬು ಸುಮಾರು 22 ಗ್ರಾಂ, 85/15 ಟರ್ಕಿಯಲ್ಲಿ ಸುಮಾರು 17. ಟರ್ಕಿ ಎಂದ ಮಾತ್ರಕ್ಕೆ ಹಗುರ ಅಂದುಕೊಳ್ಳಬೇಡಿ, ಸಂಖ್ಯೆ ನೋಡಿ. 99% ಅಂತಿರುವುದು ಬರೀ ಎದೆ ಮಾಂಸ, ಬೇಗ ಒಣಗುತ್ತದೆ. ದಿನದ ಅಡುಗೆಗೆ 93/7 ಸರಿ.

ಹುರಿಯುವುದು (ಎಡವುವುದೇ ಇಲ್ಲಿ)

ಬಾಣಲೆಗೆ ಹಾಕಿ ಸೌಟಿನಿಂದ ಕೆದಕುತ್ತಾ ಹೋದರೆ ಎರಡೇ ನಿಮಿಷದಲ್ಲಿ ನೀರು ತುಂಬಿಕೊಳ್ಳುತ್ತದೆ. ಮಾಂಸ ಬೂದು ಬಣ್ಣಕ್ಕೆ ತಿರುಗಿ, ಬೆಂದ ಹಿಟ್ಟಿನ ಉಂಡೆಗಳ ಹಾಗೆ ಕಾಣುತ್ತದೆ. ಇದು ಮಸಾಲೆಯ ತಪ್ಪಲ್ಲ. ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರುತ್ತದೆ. ಬಿಸಿ ಏರಿದಂತೆ ಮಾಂಸದ ಪ್ರೋಟೀನು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಆ ನೀರನ್ನು ಹೊರಗೆ ತಳ್ಳುತ್ತದೆ. ತಳದಲ್ಲಿ ನೀರಿರುವ ತನಕ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಚೆನ್ನಾಗಿ ಕೆಂಪಗಾಗಿ ಘಮ ಬರಬೇಕಾದರೆ ಸುಮಾರು 140 ಬೇಕು. ಅಂದರೆ ನೀರು ಇಂಗುವವರೆಗೆ ನೀವು ಎಷ್ಟೇ ಕೈಯಾಡಿಸಿದರೂ ಅದು ಬೇಯುತ್ತಿದೆ, ಹುರಿಯುತ್ತಿಲ್ಲ. ಪೂರ್ತಿ ಇಂಗುವಷ್ಟರಲ್ಲಿ ಮಾಂಸ ರಬ್ಬರಾಗಿರುತ್ತದೆ.

ಹಾಗಾಗಿ ಮೊದಲು ಕಾಲು ಟೀ ಚಮಚ ಅಡುಗೆ ಸೋಡಾವನ್ನು 1 ಟೇಬಲ್ ಚಮಚ ನೀರಿನಲ್ಲಿ ಕರಗಿಸಿ, ಕೈಮಕ್ಕೆ ಬೆರೆಸಿ 15 ನಿಮಿಷ ಬಿಡಿ. ಸೋಡಾ ಮಾಂಸದ ಹುಳಿಯನ್ನು ತಗ್ಗಿಸುತ್ತದೆ. ಆಗ ಪ್ರೋಟೀನು ಅಷ್ಟು ಬಿಗಿಯಾಗಿ ಕುಗ್ಗುವುದಿಲ್ಲ, ನೀರು ಒಳಗೇ ಉಳಿಯುತ್ತದೆ, ಬಣ್ಣವೂ ಬೇಗ ಬರುತ್ತದೆ. ಕಾಲು ಚಮಚ ಮೀರಿದರೆ ಸೋಪಿನ ರುಚಿ ಬರುತ್ತದೆ, ಕಣ್ಣಳತೆಯಲ್ಲಿ ಹಾಕಬೇಡಿ.

ಆಮೇಲೆ 12 ಇಂಚಿನ ಅಗಲ ಬಾಣಲೆ, 1 ಟೇಬಲ್ ಚಮಚ ಎಣ್ಣೆ, ದೊಡ್ಡ ಉರಿ. ಎಣ್ಣೆ ಚೆನ್ನಾಗಿ ಕಾದ ಮೇಲೆ ಕೈಮವನ್ನು ದಪ್ಪ ರೊಟ್ಟಿಯ ಹಾಗೆ ತಟ್ಟಿ ಹರಡಿ, 4–5 ನಿಮಿಷ ಮುಟ್ಟಲೇಬೇಡಿ. ಚುರ್ ಎನ್ನುವ ಸದ್ದನ್ನು ಕೇಳಿಸಿಕೊಳ್ಳಿ. ಅದು ಕೊತಕೊತ ಎಂದಾದರೆ ನೀರು ಬಿಟ್ಟಿದೆ ಎಂದರ್ಥ, ಮುಂದಿನ ಸಲ ಎರಡು ಕಂತು ಮಾಡಿ. ಅಂಚು ಕಂದು ಬಣ್ಣಕ್ಕೆ ಬಂದು ತಾನಾಗಿ ತಳ ಬಿಟ್ಟ ಮೇಲೆ ದೊಡ್ಡ ದೊಡ್ಡ ತುಂಡುಗಳಾಗಿ ಮಗುಚಿ, ಆಮೇಲೆ ಪುಡಿ ಮಾಡಿ. ಈರುಳ್ಳಿ, ಟೊಮೆಟೊ ಇದಾದ ನಂತರವೇ. ಮೊದಲೇ ಹಾಕಿದರೆ ಅವುಗಳ ನೀರೂ ಸೇರಿ ಮತ್ತೆ ಅದೇ ಕಥೆ. 225 ಗ್ರಾಂ ಅಣಬೆಯನ್ನು ಸಣ್ಣಗೆ ಹೆಚ್ಚಿ, ಬೇರೆ ಹುರಿದು ಸೇರಿಸಿದರೆ ಪ್ರಮಾಣ ಹೆಚ್ಚುತ್ತದೆ, ಎಣ್ಣೆ ಹೆಚ್ಚು ಬೇಡ, ಮಾಂಸದ ರುಚಿಯೂ ಗಾಢವಾಗುತ್ತದೆ.

ಕೈಮ ಉಂಡೆ ಸಾರು

ಹಳೇ ಮೈಸೂರು ಕಡೆಯ ಉಂಡೆಗೆ ಟರ್ಕಿ ಚೆನ್ನಾಗಿ ಒಗ್ಗುತ್ತದೆ, ಆದರೆ ಕುರಿ ಕೈಮದಷ್ಟು ಕೊಬ್ಬಿಲ್ಲದ್ದರಿಂದ ಅಳತೆ ಬದಲಾಗಬೇಕು. ಹುರಿಗಡಲೆ ಪುಡಿ 3 ಟೇಬಲ್ ಚಮಚ ಸಾಕು, ಜಾಸ್ತಿಯಾದರೆ ಉಂಡೆ ಗಟ್ಟಿಯಾಗುತ್ತದೆ. ತೆಂಗಿನ ತುರಿ 2 ಟೇಬಲ್ ಚಮಚ ಬಿಡಬೇಡಿ, ಮಾಂಸದ ಜಿಡ್ಡಿಗೆ ಅದರದ್ದೂ ಸ್ವಲ್ಪ ಸೇರುತ್ತದೆ. ಇಲ್ಲಿ ಸೋಡಾ ಬೇಡ. ಉಪ್ಪು ಕೊನೆಯಲ್ಲಿ ಹಾಕಿ, ಬೆರಳ ತುದಿಯಲ್ಲಿ ಕಲಸಿ. ಉಪ್ಪು ಹಾಕಿ ನಾದಿದರೆ ಪ್ರೋಟೀನು ಅಂಟಂಟಾಗಿ ಉಂಡೆ ಚೆಂಡಿನ ಹಾಗೆ ಪುಟಿಯುತ್ತದೆ. ನಿಂಬೆ ಗಾತ್ರದವು ಹದಿನೈದು–ಹದಿನೆಂಟು ಆಗುತ್ತವೆ. ಸಾರು ಕುದಿದ ಮೇಲೆ ಉರಿ ತಗ್ಗಿಸಿ ಒಂದೊಂದಾಗಿ ಬಿಡಿ. ಮೊದಲ 5 ನಿಮಿಷ ಸೌಟು ಹಾಕಬೇಡಿ, ಪಾತ್ರೆಯನ್ನಷ್ಟೇ ಅಲುಗಿಸಿ. ಒಟ್ಟು 12 ನಿಮಿಷ.

ಬೆಂದಿದೆಯೇ?

ಬಣ್ಣ ನಂಬಬೇಡಿ. ಪೂರ್ತಿ ಬೆಂದ ಟರ್ಕಿಯೂ ಕೆಲವೊಮ್ಮೆ ಒಳಗೆ ನಸುಗೆಂಪಾಗಿರುತ್ತದೆ. ಉಂಡೆಯ ನಡುವಿಗೆ ಥರ್ಮಾಮೀಟರ್ ಚುಚ್ಚಿದಾಗ 165 ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ತೋರಿಸಬೇಕು. ಹಸಿ ಕೈಮ ಫ್ರಿಜ್‌ನಲ್ಲಿ ಒಂದೆರಡು ದಿನವಷ್ಟೇ. ಫ್ರೀಜರ್‌ಗೆ ಹಾಕುವಾಗ ಚಪ್ಪಟೆಯಾಗಿ ಒತ್ತಿ ಇಡಿ, ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ, ಕರಗಿದ ನೀರನ್ನು ಬಸಿದು ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿದ ಮೇಲೆಯೇ ಬಾಣಲೆ ಇಡಿ.