ಬೈದ ಮರುದಿನ ಬೇಳೆ ಜಾಸ್ತಿ ಬಂತಾ?

ಕಲಬುರಗಿಯಲ್ಲಿ ಒಂದು ದಾಲ್ ಮಿಲ್ ಇದೆ ಅಂದುಕೊಳ್ಳಿ. ನೂರು ಕಿಲೋ ತೊಗರಿಗೆ 74 ಕಿಲೋ ಬೇಳೆ ಬರಬೇಕು ಅಂತ ಮಾಲೀಕರ ಟಾರ್ಗೆಟ್. ಕಡಿಮೆ ಬಂದ ಸಂಜೆ ಆಪರೇಟರ್‌ಗೆ ಬೈಗುಳ. ಇನ್ನೂ ಕುಸಿದರೆ ಸಿಪ್ಪೆ ಬಿಡಿಸುವ ರೋಲರ್‌ಗೆ ನಿಂಬೆಹಣ್ಣು, ಮೆಣಸಿನಕಾಯಿ. ಮರುದಿನ ಬೇಳೆ ಜಾಸ್ತಿ ಬರುತ್ತದೆ. ಬೈದವರಿಗೆ ಬೈಗುಳದ ಮೇಲೆ, ಕಟ್ಟಿದವರಿಗೆ ನಿಂಬೆಹಣ್ಣಿನ ಮೇಲೆ ನಂಬಿಕೆ ಗಟ್ಟಿಯಾಗುತ್ತದೆ. ಮೂಢನಂಬಿಕೆ ಅಂದರೆ ನಮಗೆ ನಿಂಬೆಹಣ್ಣೇ ನೆನಪಾಗುತ್ತದೆ. ನನ್ನ ಪ್ರಕಾರ ಬೈಗುಳವೂ ಅದೇ ಜಾತಿಯದು, ಮತ್ತು ಜಾಸ್ತಿ ಹಾನಿ ಮಾಡುವಂಥದು.

ಆ ಮಿಲ್ಲಿನ ಹತ್ತು ದಿನದ ಲೆಕ್ಕ ಹೀಗಿರಲಿ: 73, 75, 72, 74, 72, 71, 74, 72, 74, 73. ಬೆರಳಿಟ್ಟು ಓದಿ ನೋಡಿ. ಟಾರ್ಗೆಟ್ ಮುಟ್ಟಿದ ದಿನ ನಾಲ್ಕು. ಆ ನಾಲ್ಕೂ ದಿನ ಶಹಬ್ಬಾಸ್ ಅಂದಿದ್ದರೆ, ನಾಲ್ಕೂ ಸಲ ಮರುದಿನ ಬೇಳೆ ಇಳಿದಿದೆ. ಟಾರ್ಗೆಟ್ ತಪ್ಪಿದ ದಿನಗಳಲ್ಲಿ ಕೊನೆಯದು ಬಿಟ್ಟರೆ ಉಳಿದವು ಐದು. ಅದರಲ್ಲಿ ನಾಲ್ಕು ಸಲ ಮರುದಿನ ಏರಿದೆ. ಹೊಗಳಿದರೆ ಕೆಡುತ್ತಾರೆ, ಬೈದರೆ ಸರಿಹೋಗುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಯಾರೂ ಬೈಯದಿದ್ದರೂ, ಯಾರೂ ಹೊಗಳದಿದ್ದರೂ ಹೀಗೇ ಆಗುತ್ತಿತ್ತು.

ಚೌಕಾಬಾರ ಆಡುವವರಿಗೆ ಇದು ಗೊತ್ತು. ನಾಲ್ಕೂ ಕವಡೆ ಬೋರಲು ಬಿದ್ದು ಎಂಟು ಬಂದರೆ, ಮುಂದಿನ ಸಲ ಅದಕ್ಕಿಂತ ಕಡಿಮೆ ಬೀಳುವುದೇ ಹೆಚ್ಚು. ಕವಡೆಗೆ ಸೊಕ್ಕು ಬಂತು ಅಂತ ಯಾರೂ ಹೇಳುವುದಿಲ್ಲ. ತೀರಾ ಮೇಲೆ ಹೋದದ್ದು ಮುಂದಿನ ಸಲ ಸರಾಸರಿಯ ಕಡೆಗೆ ಬರುತ್ತದೆ, ತೀರಾ ಕೆಳಗೆ ಬಿದ್ದದ್ದೂ ಅಷ್ಟೇ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪ್ಪ-ಅಮ್ಮ ಮತ್ತು ಮಕ್ಕಳ ಎತ್ತರ ಅಳೆದು ಇದನ್ನು 1886ರಲ್ಲೇ ಬರೆದಿಟ್ಟ.

ಬೇಳೆ ಯಾಕೆ ದಿನಕ್ಕೊಂದು ಥರ ಬರುತ್ತದೆ? ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ. ಕಾಳಿಗೆ ಗೀರು ಹಾಕಿ, ಎಣ್ಣೆ ಸವರಿ, ಒಣಗಿಸಿದರೆ ಅದು ಸಡಿಲವಾಗುತ್ತದೆ. ಆಳಂದದ ಲೋಡಿನ ತೇವ ಬೇರೆ, ಜೇವರ್ಗಿಯದು ಬೇರೆ. ಕಾಳಿನ ಗಾತ್ರ ಬೇರೆ, ಬಿಸಿಲು ಬೇರೆ. ಇಂಥ ಸಣ್ಣ ಸಣ್ಣ ಕಾರಣಗಳೆಲ್ಲ ಸೇರಿ ಒಂದು ಕಿಲೋ ಆಚೆ, ಒಂದು ಕಿಲೋ ಈಚೆ. ಇದರಲ್ಲಿ ಆಪರೇಟರ್ ತಪ್ಪೇನಿದೆ?

ಹಾಗಾದರೆ ನಿಜವಾಗಿ ಕೆಟ್ಟಿದ್ದನ್ನು ಗುರುತಿಸುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ವಾಲ್ಟರ್ ಶೂಹಾರ್ಟ್. ಅಮೆರಿಕದಲ್ಲಿ ಟೆಲಿಫೋನ್ ತಯಾರಿಸುವ ಕಂಪನಿಯಲ್ಲಿದ್ದ. 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಒಂದೇ ಪುಟದ ಟಿಪ್ಪಣಿ ಕಳಿಸಿದ. ಅದರಲ್ಲಿದ್ದ ಒಂದು ಚಿತ್ರವೇ ಇವತ್ತಿನ ಕಂಟ್ರೋಲ್ ಚಾರ್ಟ್, ಅಂದರೆ ಅಂಕಿಗಳ ಏರಿಳಿತಕ್ಕೆ ಮೇಲೊಂದು, ಕೆಳಗೊಂದು ಗೆರೆ ಎಳೆದ ನಕ್ಷೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ 1950ರಲ್ಲಿ ಜಪಾನಿನವರಿಗೆ ಈ ಪಾಠ ಹೇಳಿದ್ದು ಹಲವರಿಗೆ ಗೊತ್ತು. ಆದರೆ ಅದಕ್ಕೂ ಮೊದಲೇ, 1947-48ರಲ್ಲಿ, ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕರೆಗೆ ಸಾಕ್ಷಾತ್ ಶೂಹಾರ್ಟ್ ನಮ್ಮ ದೇಶಕ್ಕೇ ಬಂದಿದ್ದ! ಇದನ್ನು ನಾವು ಮರೆತೆವಲ್ಲ ಅನ್ನುವುದೇ ನನಗೆ ಸಂಕಟ.

ಲೆಕ್ಕ ಸುಲಭ, ನೋಟ್‌ಬುಕ್ಕಿನಲ್ಲೇ ಮಾಡಬಹುದು. ನಮ್ಮ ಹತ್ತು ದಿನದ ಸರಾಸರಿ 73. ದಿನದಿಂದ ದಿನಕ್ಕೆ ಎಷ್ಟು ವ್ಯತ್ಯಾಸ ಅಂತ ಬರೆಯಿರಿ: 2, 3, 2, 2, 1, 3, 2, 2, 1. ಇದರ ಸರಾಸರಿ 2. ಅದನ್ನು 2.66ರಿಂದ ಗುಣಿಸಿ (ಈ ಚಾರ್ಟಿಗೆ ಗೊತ್ತುಮಾಡಿದ ಸ್ಥಿರ ಸಂಖ್ಯೆ ಅದು), 5.32 ಬರುತ್ತದೆ. 73ಕ್ಕೆ ಕೂಡಿಸಿದರೆ ಮೇಲಿನ ಗೆರೆ 78.3, ಕಳೆದರೆ ಕೆಳಗಿನ ಗೆರೆ 67.7. ಈ ಎರಡು ಗೆರೆಗಳ ಒಳಗೆ ಆಡುವಷ್ಟೂ ಹೊತ್ತು ಒಂದೊಂದು ದಿನದ ಕಾರಣ ಹುಡುಕುವುದು ಸುಮ್ನೆ ದಂಡ. ಒಂದು ದಿನ 66 ಬಂತೋ, ಆಗ ಓಡಿ. ರೋಲರ್ ಸವೆದಿರಬಹುದು, ಮಳೆಯಲ್ಲಿ ನೆನೆದ ಲೋಡು ಬಂದಿರಬಹುದು. ಗೆರೆ ದಾಟದಿದ್ದರೂ ಎಂಟು ದಿನ ಸತತವಾಗಿ ಸರಾಸರಿಯ ಒಂದೇ ಬದಿಯಲ್ಲಿ ಬಂದರೆ ಆಗಲೂ ಏನೋ ಬದಲಾಗಿದೆ ಅಂತಲೇ ಅರ್ಥ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಒಂದು ಟನ್ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ ಸುಟ್ಟ ಉಂಡೆ)‌ಗೆ ಎಷ್ಟು ಕಲ್ಲಿದ್ದಲು ಹೋಯಿತು ಅನ್ನುವುದಕ್ಕೂ ಇದೇ ಗಣಿತ.

ಈ ಗೆರೆಗಳನ್ನು ಎಳೆಯುವಾಗ 74 ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಟಾರ್ಗೆಟ್ ಮಾಲೀಕರ ಆಸೆ. 73 ಆ ಯಂತ್ರ, ಆ ಕಾಳು, ಆ ಒಣಗಿಸುವ ಕಣ ಸೇರಿ ಕೊಡುವ ಫಲ. ಬೈದರೆ 73 ಹೋಗಿ 74 ಆಗುವುದಿಲ್ಲ. ತೀರಾ ಬೈದರೆ ಆಪರೇಟರ್ ರೋಲರ್ ಸಡಿಲ ಬಿಡುತ್ತಾನೆ, ಸಿಪ್ಪೆ ಪೂರ್ತಿ ಹೋಗದ ಕಾಳೂ ಬೇಳೆಯ ಚೀಲ ಸೇರುತ್ತದೆ. ತೂಕ ಹೆಚ್ಚುತ್ತದೆ, ಟಾರ್ಗೆಟ್ ಮುಟ್ಟುತ್ತದೆ, ಮಾಲು ಕೆಡುತ್ತದೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಪಡೆದ ಕಲಬುರಗಿಯ ಬೇಳೆಗೆ ಇದು ಸಣ್ಣ ನಷ್ಟವಲ್ಲ.

ತೊಗರಿಯಲ್ಲಿ ಸಿಪ್ಪೆ ಕಳೆದು ಶೇ 85ರ ಹತ್ತಿರ ಬೇಳೆಯೇ ಇರುತ್ತದೆ. ಅಂದರೆ ಏರಲು ಜಾಗ ಬೇಕಾದಷ್ಟಿದೆ. ಕಾಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಇನ್ನಷ್ಟು ಚೆನ್ನಾಗಿ ಒಣಗಿಸಿ, ಸವೆದ ರೋಲರ್ ಬದಲಿಸಿ. ಆಮೇಲೆ ಎಂಟು ದಿನ ಕಾಯಿರಿ. ಎಂಟೂ ದಿನ 73ರ ಮೇಲೆ ಬಂದರೆ ಹಳೆ ಗೆರೆ ಬಿಟ್ಟು ಹೊಸ ಗೆರೆ ಎಳೆಯಬಹುದು.