ಕೊಲೊರಾಡೊ ನದಿಗೆ ಅರ್ಜಿ ಹಾಕುವ ಮೊದಲು

"ದಾಂಡೇಲಿಯಲ್ಲಿ ರ‍್ಯಾಫ್ಟಿಂಗ್ ಮಾಡಿದ್ದೇವೆ ಸರ್, ನೀರಿನ ಭಯವಿಲ್ಲ. ಪರ್ಮಿಟ್ ಒಂದನ್ನು ಕೊಡಿಸಿಬಿಡಿ."

ಜನವರಿ ಕೊನೆಯ ಹೊತ್ತಿಗೆ ನನಗೆ ಬರುವ ಕನ್ನಡದ ಕರೆಗಳು ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತವೆ. ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ ಕೊಲೊರಾಡೊ ನದಿಯ ಮೇಲೆ ಸ್ವಂತವಾಗಿ ದೋಣಿ ನಡೆಸಿಕೊಂಡು ಹೋಗುವ ತಂಡಗಳಿಗೆ ಸಾಮಾನು ಹೊಂದಿಸಿಕೊಡುವುದು ನನ್ನ ಕಸುಬು. ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ನಮ್ಮ ಗೋದಾಮು. ಗಾಳಿ ತುಂಬುವ ರ‍್ಯಾಫ್ಟು, ಹುಟ್ಟು, ಐಸ್ ಪೆಟ್ಟಿಗೆ, ಹದಿನಾರು ಜನರಿಗೆ ಹದಿನಾರು ದಿನದ ದಿನಸಿ, ಎಲ್ಲವನ್ನೂ ಲಾರಿಗೆ ಹೇರಿ ಲೀಸ್ ಫೆರಿ ಎಂಬ ದಡಕ್ಕೆ ಮುಟ್ಟಿಸುತ್ತೇವೆ. ಪರ್ಮಿಟ್ ಮಾತ್ರ ಕೊಡಿಸಲಾರೆ. ಯಾರೂ ಕೊಡಿಸಲಾರರು. ಅದನ್ನು ರಾಷ್ಟ್ರೀಯ ಉದ್ಯಾನವನದವರು ಲಾಟರಿ ಎತ್ತಿ ಒಬ್ಬ ವ್ಯಕ್ತಿಯ ಹೆಸರಿಗೆ ಕೊಡುತ್ತಾರೆ. ಅದನ್ನು ಮಾರುವಂತಿಲ್ಲ, ಭಾವಮೈದುನನಿಗೆ ಬಿಟ್ಟುಕೊಡುವಂತೆಯೂ ಇಲ್ಲ.

ದಾಂಡೇಲಿಯಲ್ಲಿ ನೀವು ಕೊಳ್ಳುವುದು ದೋಣಿಯಲ್ಲಿ ಒಂದು ಜಾಗ. ಪರವಾನಗಿ ದೋಣಿ ನಡೆಸುವವರದ್ದು, ಹೊಣೆಯೂ ಅವರದ್ದೇ. ಸಂಜೆಗೆ ರೆಸಾರ್ಟಿನಲ್ಲಿ ಬಿಸಿನೀರು ಸಿಗುತ್ತದೆ. ಕೊಲೊರಾಡೊದಲ್ಲಿಯೂ ಅಂಥ ವಾಣಿಜ್ಯ ಪ್ರವಾಸಗಳಿವೆ, ಹಣ ಕೊಟ್ಟರೆ ಗೈಡ್ ಕರೆದುಕೊಂಡು ಹೋಗುತ್ತಾನೆ, ಲಾಟರಿಯ ಗೊಡವೆ ಇಲ್ಲ. ಕಣಿವೆ ನೋಡುವುದಷ್ಟೇ ಆಸೆಯಾದರೆ ಆ ದಾರಿ ಹಿಡಿಯಿರಿ ಎಂದು ಕರೆ ಮಾಡಿದವರಿಗೆಲ್ಲ ಹೇಳುತ್ತೇನೆ, ನನ್ನ ವ್ಯಾಪಾರಕ್ಕೆ ನಷ್ಟವಾದರೂ. ಸ್ವಂತ ಪರ್ಮಿಟ್ ಎಂದರೆ ಲೀಸ್ ಫೆರಿಯಿಂದ ಡೈಮಂಡ್ ಕ್ರೀಕ್‌ವರೆಗೆ 226 ಮೈಲಿ, ಅಂದರೆ ಸುಮಾರು 360 ಕಿಲೋಮೀಟರ್. ನಡುವೆ ವಾಹನ ಬರುವ ರಸ್ತೆಯೇ ಇಲ್ಲ. ಹುಟ್ಟು ಹಾಕುವವರು ನೀವೇ, ಅಡುಗೆ ಮಾಡುವವರು ನೀವೇ. ನದಿ ಭೋರ್ಗರೆದು ಇಳಿಯುವ ಲಾವಾ ಫಾಲ್ಸ್‌ನ ನೆತ್ತಿಯಲ್ಲಿ ನಿಂತು ದೋಣಿಯನ್ನು ಎಡಕ್ಕೆ ಬಿಡಬೇಕೋ ಬಲಕ್ಕೋ ಎಂದು ಹೊಟ್ಟೆ ಕಿವುಚಿಕೊಳ್ಳುವವರೂ ನೀವೇ. ಇಂಥ ನೀರಿನಲ್ಲಿ ದೋಣಿ ನಡೆಸಿದ ಅನುಭವಿ ಒಬ್ಬರಾದರೂ ತಂಡದಲ್ಲಿರಲೇಬೇಕು ಎಂಬ ನಿಯಮವಿದೆ. ಕಾಳಿ ನದಿಯಲ್ಲಿ ಗೈಡ್ "ಮುಂದಕ್ಕೆ, ಹಿಂದಕ್ಕೆ" ಎಂದಾಗ ಹುಟ್ಟು ಆಡಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಹೋಲಿಕೆ ಮಾತ್ರ ನಿಜ. ಎರಡೂ ಅಣೆಕಟ್ಟು ಬಿಟ್ಟ ನೀರು. ಅಲ್ಲಿ ಸೂಪಾ, ಇಲ್ಲಿ ಗ್ಲೆನ್ ಕ್ಯಾನ್ಯನ್. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರು ಹಿಡಿಯತೊಡಗಿದ ಮೇಲೆ ಹೂಳೆಲ್ಲ ಮೇಲೆಯೇ ಉಳಿಯಿತು. ಕೆಳಗಿನ ಕಣಿವೆಗೆ ಹೊಸ ಮರಳು ಬರುವುದು ಹೆಚ್ಚುಕಡಿಮೆ ನಿಂತುಹೋಯಿತು, ಇದ್ದ ಮರಳು ಕೊಚ್ಚಿಹೋಗುತ್ತಾ ಬಂತು. ಕಡಿದಾದ ಬಂಡೆಗೋಡೆಗಳ ನಡುವೆ ರಾತ್ರಿ ಮಲಗಲು ಇರುವ ಜಾಗ ಈ ಮರಳದಂಡೆಗಳೇ. ಅತ್ತ ಅವು ಕರಗುತ್ತಿದ್ದಂತೆ ಇತ್ತ ಜನ ಹೆಚ್ಚಿದರು. 1960ರ ದಶಕದ ಆರಂಭದಲ್ಲಿ ವರ್ಷಕ್ಕೆ ಕೆಲವು ನೂರು ಮಂದಿ ಇಳಿಯುತ್ತಿದ್ದ ನದಿಗೆ 1972ರಲ್ಲಿ 16,000ಕ್ಕೂ ಹೆಚ್ಚು ಜನ ಇಳಿದರು. ಆಗ ಮಿತಿ ಬಂತು, ಮಿತಿಯ ಹಿಂದೆಯೇ ಕಾಯುವ ಪಟ್ಟಿ ಬಂತು. ಪಟ್ಟಿಯಲ್ಲಿ ಹೆಸರು ಬರೆಸಿದವರು ಹತ್ತು ವರ್ಷ ದಾಟಿದರೂ ಕಾಯುತ್ತಲೇ ಇದ್ದರು. 2006ರಲ್ಲಿ ಅದನ್ನು ಕೈಬಿಟ್ಟು ಈಗಿನ ಲಾಟರಿ ತಂದರು. ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಲಾಟರಿಯಲ್ಲಿ ಬೆಂದು ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಹೇಳಬೇಕಾಗುತ್ತದೆ, ಏಕೆಂದರೆ ಇಲ್ಲಿ ಎಲ್ಲ ಚೀಟಿಗಳಿಗೂ ಒಂದೇ ತೂಕವಿಲ್ಲ.

ಕ್ಯಾಲಿಫೋರ್ನಿಯಾದ ಒಂದು ಗೆಳೆಯರ ಗುಂಪು ಮೂರು ವರ್ಷ ಸತತವಾಗಿ ಅರ್ಜಿ ಹಾಕಿ ಸೋತಿತ್ತು. ನಾಲ್ಕನೆಯ ಸಲ ಅದರ ಯಜಮಾನರು, ಮೂಲತಃ ಹಾಸನದ ಕಡೆಯವರು, ಅರ್ಜಿಯನ್ನು ನನಗೆ ತೋರಿಸಿದರು. ಅರ್ಜಿದಾರನ ಹೆಸರಿನ ಕೆಳಗೆ ಬದಲಿ ನಾಯಕರ ಹೆಸರು ಸೇರಿಸಲು ಅವಕಾಶವಿರುತ್ತದೆ. ಅರ್ಜಿದಾರನಿಗೆ ಕಾಯಿಲೆಯಾದರೆ ಪರ್ಮಿಟ್ ವರ್ಗವಾಗುವುದು ಅಲ್ಲಿ ಮೊದಲೇ ಹೆಸರಿಸಿದವರಿಗೆ ಮಾತ್ರ. ಇವರು ಅದನ್ನು ಮದುವೆಯ ಆಮಂತ್ರಣದಲ್ಲಿ "ಸುಖಾಗಮನ ಬಯಸುವವರು" ಎಂಬ ಸಾಲಿನಂತೆ ತಿಳಿದು, ಬರಲಿರುವವರನ್ನೆಲ್ಲ ತುಂಬಿಸಿದ್ದರು. ಒಬ್ಬರನ್ನು ಬಿಟ್ಟರೆ ಯಾರಿಗಾದರೂ ಬೇಸರವಾದೀತೆಂಬ ದಾಕ್ಷಿಣ್ಯ ಬೇರೆ.

ಪೆಟ್ಟು ಬಿದ್ದದ್ದು ಅಲ್ಲಿಯೇ. ಕಳೆದ ನಾಲ್ಕು ವರ್ಷಗಳಲ್ಲಿ ಈ ನದಿಗೆ ಇಳಿಯದವರಿಗೆ ಐದು ಅಂಕ, ಅಂದರೆ ಲಾಟರಿಯ ಡಬ್ಬಿಯೊಳಗೆ ಐದು ಚೀಟಿ. ಇತ್ತೀಚೆಗೆ ಹೋಗಿಬಂದಿದ್ದರೆ ಅದಕ್ಕೆ ತಕ್ಕಂತೆ ಕಡಿಮೆ. ಹಣ ಕೊಟ್ಟು ವಾಣಿಜ್ಯ ಪ್ರವಾಸದಲ್ಲಿ ಹೋಗಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆ. ಒಂದೇ ಅರ್ಜಿಯಲ್ಲಿ ಹಲವು ಹೆಸರುಗಳಿದ್ದರೆ ಎಲ್ಲರಿಗಿಂತ ಕಡಿಮೆ ಅಂಕ ಯಾರದೋ ಅದೇ ಇಡೀ ಅರ್ಜಿಯ ಅಂಕ. ಆ ಪಟ್ಟಿಯಲ್ಲಿದ್ದ ಒಬ್ಬ ಗೆಳೆಯರು ಹಿಂದಿನ ವರ್ಷವಷ್ಟೇ ಅತ್ತೆ ಮಾವನ ಜೊತೆ ಮೋಟಾರು ದೋಣಿಯಲ್ಲಿ ಆರಾಮವಾಗಿ ಹೋಗಿಬಂದಿದ್ದರು. ಉಳಿದವರ ಚೀಟಿಗಳನ್ನು ಅವರೊಬ್ಬರೇ ನುಂಗಿದ್ದರು. ಅವರನ್ನು ಪ್ರವಾಸದಿಂದ ಕೈಬಿಡಬೇಕಿರಲಿಲ್ಲ, ಅರ್ಜಿಯಿಂದ ಕೈಬಿಟ್ಟಿದ್ದರೆ ಸಾಕಿತ್ತು. ಜೊತೆಗೆ ಬರುವವರ ಪಟ್ಟಿಯನ್ನು ಪರ್ಮಿಟ್ ಸಿಕ್ಕ ಮೇಲೆ ಕೊಟ್ಟರಾಯಿತು. ಒಬ್ಬರು ವರ್ಷಕ್ಕೆ ಒಂದೇ ಸಲ ಹೋಗಬಹುದು ಎಂಬ ಕಟ್ಟುಪಾಡಷ್ಟೇ ಅಲ್ಲಿ ಅಡ್ಡಬರುವುದು. ಬದಲಿ ನಾಯಕರಾಗಿ ನಂಬಿಕಸ್ಥರಾದ, ಐದು ಅಂಕವಿರುವ ಇಬ್ಬರು ಸಾಕು ಎಂಬುದು ನನ್ನ ಅನುಭವ. ಒಬ್ಬರೂ ಇಲ್ಲದಿದ್ದರೆ ಅದೂ ಅಪಾಯವೇ. ಹೊರಡುವ ಮುಂಚೆ ಅರ್ಜಿದಾರನ ಕಾಲು ಮುರಿದು ಹದಿನೈದು ಜನ ಮನೆಯಲ್ಲಿ ಕುಳಿತದ್ದನ್ನೂ ನೋಡಿದ್ದೇನೆ.

ಎರಡನೆಯ ತಪ್ಪು ತಾರೀಖಿನದು. ಮುಖ್ಯ ಲಾಟರಿ ಫೆಬ್ರುವರಿಯಲ್ಲಿ, ಮುಂದಿನ ವರ್ಷದ ಪ್ರವಾಸಕ್ಕೆ. ಒಂದು ಅರ್ಜಿಯಲ್ಲಿ ಐದು ತಾರೀಖು ಕೇಳಬಹುದು. ಮಕ್ಕಳ ಬೇಸಿಗೆ ರಜೆ ಎಂದು ಐದನ್ನೂ ಜೂನ್‌ಗೆ ಬರೆಯುವವರು ಬಹಳ. ಇಡೀ ವರ್ಷಕ್ಕೆ ಸ್ವಂತ ತಂಡಗಳಿಗೆ ಸಿಗುವುದು ಸುಮಾರು 500 ಪರ್ಮಿಟ್. ಬೇಸಿಗೆಯ ದಿನಗಳಿಗೆ ನೂಕುನುಗ್ಗಲು, ಡಿಸೆಂಬರ್ ಜನವರಿಗೆ ಕೇಳುವವರು ಕಡಿಮೆ. ದಿನಗಳ ಮಿತಿಯೂ ಹಾಗೆಯೇ, ಮೇನಿಂದ ಆಗಸ್ಟ್‌ವರೆಗೆ 16 ದಿನ, ನವೆಂಬರ್‌ನಿಂದ ಫೆಬ್ರುವರಿವರೆಗೆ 25 ದಿನ. ಚಳಿಗಾಲದಲ್ಲಿ ಕೆಲವು ತಿರುವುಗಳಲ್ಲಿ ಸೂರ್ಯ ಮುಖವನ್ನೇ ತೋರಿಸುವುದಿಲ್ಲ ನಿಜ. ಆದರೆ ಮೋಟಾರು ದೋಣಿಗಳ ಸದ್ದಿಲ್ಲ, ಒಳ್ಳೆಯ ಮರಳದಂಡೆಗೆ ಪೈಪೋಟಿ ಇಲ್ಲ. ಇಲ್ಲಿ ರಾತ್ರಿ ತಂಗುವ ಜಾಗವನ್ನು ಯಾರೂ ಹಂಚಿಕೊಡುವುದಿಲ್ಲ, ಮೊದಲು ಬಂದವರದ್ದು. ನನ್ನನ್ನು ಕೇಳಿದರೆ ನವೆಂಬರ್ ಮೊದಲ ವಾರ. ಹಾಸನದವರು ಡಿಸೆಂಬರ್‌ನಲ್ಲಿ ಊರಿಗೆ ಹೋಗಬೇಕು, ಅಷ್ಟು ರಜೆ ಒಟ್ಟಿಗೆ ಸಿಗದು ಎಂದು ಗೊಣಗಿದರು. ಕೊನೆಗೆ ರದ್ದಾದ ತಾರೀಖುಗಳಿಗೆ ವರ್ಷದ ನಡುವೆ ಎತ್ತುವ ಮರುಲಾಟರಿಯಲ್ಲಿ ಅವರಿಗೆ ಸಿಕ್ಕಿದ್ದು ನವೆಂಬರೇ. ಈ ಮರುಲಾಟರಿಗಳು ಕೆಲವೇ ದಿನ ತೆರೆದಿರುತ್ತವೆ, ಸೂಚನೆ ಇಮೇಲ್‌ನಲ್ಲಿ ಬರುತ್ತದೆ. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಹಣದ ವಿಷಯ ಚಿಕ್ಕದು, ಜಗಳ ಮಾತ್ರ ದೊಡ್ಡದು. ಅರ್ಜಿಗೆ 25 ಡಾಲರ್. ಹದಿನಾರು ಜನರ ಪರ್ಮಿಟ್ ಸಿಕ್ಕರೆ 400 ಡಾಲರ್ ಮುಂಗಡ, ಎಂಟು ಜನರದ್ದಾದರೆ 200. ಇದು ಹಿಂದಿರುಗುವುದಿಲ್ಲ. ತಲಾ ಶುಲ್ಕ ಬೇರೆ. ಖರ್ಚನ್ನು ಸಮನಾಗಿ ಹಂಚಿಕೊಳ್ಳಬೇಕು, ನಾಯಕ ಒಂದು ಡಾಲರನ್ನೂ ಉಳಿಸಿಕೊಳ್ಳುವಂತಿಲ್ಲ. "ಇಷ್ಟೆಲ್ಲ ಓಡಾಡಿದ್ದೇನೆ, ನನ್ನ ಪಾಲು ನೀವೇ ಭರಿಸಿ" ಎಂದರೆ ಅದು ವ್ಯಾಪಾರವಾಗುತ್ತದೆ, ಪರ್ಮಿಟ್‌ಗೆ ಕುತ್ತು ಬರುತ್ತದೆ. ಕೂಲಿ ಕೊಟ್ಟು ದೋಣಿ ನಡೆಸುವವನನ್ನು ಕರೆದೊಯ್ಯುವುದಕ್ಕೂ ಇದೇ ಮಾತು. ಹೀಗಾಗಿ ನಿಮ್ಮ ಅಕ್ಕಿ ಕಟ್ಟಿಕೊಡುವ ನಾನು ಸಂಬಳಕ್ಕೆ ನಿಮ್ಮ ಹುಟ್ಟು ಹಿಡಿಯುವಂತಿಲ್ಲ.

ನಮ್ಮವರಿಗೆಂದೇ ಇರುವ ತೊಡಕೊಂದಿದೆ: ಹೆಸರು. ಲೀಸ್ ಫೆರಿಯಲ್ಲಿ ರೇಂಜರ್ ಪ್ರತಿಯೊಬ್ಬರ ಫೋಟೋ ಇರುವ ಗುರುತಿನ ಚೀಟಿ ನೋಡುತ್ತಾರೆ, ಪಟ್ಟಿಯೊಂದಿಗೆ ತಾಳೆ ಹಾಕುತ್ತಾರೆ. ಹಾಸನದ ತಂಡದ ಒಬ್ಬರನ್ನು ಎಲ್ಲರೂ ಕರೆಯುವುದು ಒಂದು ಹೆಸರಿನಿಂದ, ಪಾಸ್‌ಪೋರ್ಟ್‌ನಲ್ಲಿ ಅದರ ಹಿಂದೆ ಊರಿನ ಹೆಸರು, ತಂದೆಯ ಹೆಸರು. ಇನ್ನೊಬ್ಬರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದುದರಿಂದ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" ಬಂದು ಕೂತಿತ್ತು. ಮೊದಲ ಹೆಸರು ತಿಳಿಯದು ಎಂಬುದರ ಹ್ರಸ್ವರೂಪ ಅದು. ಡ್ರೈವಿಂಗ್ ಲೈಸೆನ್ಸಿಗೂ ಅದೇ ಇಳಿದಿತ್ತು. ಪಟ್ಟಿ ತುಂಬಿದ ಯಜಮಾನರು ವಾಟ್ಸ್‌ಆ್ಯಪ್‌ನಲ್ಲಿ ಕಂಡ ಹೆಸರುಗಳನ್ನೇ ಬರೆದಿದ್ದರು. ರೇಂಜರ್ ತಾಳ್ಮೆಯವರು, ಅರ್ಧ ಗಂಟೆ ಕೂತು ಬಿಡಿಸಿದರು. ಲೈಸೆನ್ಸ್ ಕೈಯಲ್ಲಿ ಹಿಡಿದು, ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಪಟ್ಟಿ ತುಂಬಿದ್ದರೆ ಆ ಅರ್ಧ ಗಂಟೆ ನೀರಿನ ಮೇಲೆ ಕಳೆಯುತ್ತಿತ್ತು.

ಅಂದಿನ ತಪಾಸಣೆಯಲ್ಲಿ ಲೈಫ್ ಜಾಕೆಟ್, ಹೆಚ್ಚುವರಿ ಹುಟ್ಟುಗಳಿಗಿಂತ ನಮ್ಮವರನ್ನು ಬೆಚ್ಚಿಬೀಳಿಸಿದ್ದು ಶೌಚದ ಡಬ್ಬಿ. ಮಲವನ್ನೆಲ್ಲ ಮುಚ್ಚಿದ ಡಬ್ಬಿಯಲ್ಲಿ ತುಂಬಿ ಹೊತ್ತು ತರಬೇಕು. ಜನ ಇಷ್ಟು, ದಿನ ಇಷ್ಟು, ಡಬ್ಬಿ ಸಾಲುತ್ತದೆಯೇ ಎಂದು ರೇಂಜರ್ ಲೆಕ್ಕ ಹಾಕಿಯೇ ಬಿಡುವುದು. ಹಿಂದೆ ಸೇನೆಯ ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಆಸನವಿಲ್ಲದೆ ಕೂರುತ್ತಿದ್ದರು. ಅಂಚು ಒತ್ತಿ ತೊಡೆಯಲ್ಲಿ ಗೀರು ಮೂಡುತ್ತಿತ್ತು. ಅದರಿಂದಲೇ ಅದಕ್ಕೆ "ಗ್ರೂವರ್" ಎಂಬ ಹೆಸರು. ಈಗ ಆಸನವಿದೆ, ಹೆಸರು ಹಾಗೆಯೇ ಉಳಿದಿದೆ.

ಮೂತ್ರ ಮಾತ್ರ ನೇರ ನದಿಗೆ. ಇದನ್ನು ಹೇಳಿದಾಗ ಯಜಮಾನರ ಚಿಕ್ಕಮ್ಮ (ಅರವತ್ತೆರಡರ ವಯಸ್ಸಿನಲ್ಲಿ ಹುಟ್ಟು ಹಿಡಿದ ಗಟ್ಟಿಗಿತ್ತಿ) ನನ್ನನ್ನೇ ಗದರಿದರು: "ಹೇಮಾವತಿಯಲ್ಲಿ ಉಗುಳಿದರೂ ಬೆನ್ನಿಗೆ ಬೀಳುತ್ತಿತ್ತಪ್ಪ. ಇದೇನು ನಿಯಮ?" ತೀರ್ಥಹಳ್ಳಿಯ ತುಂಗೆಯಲ್ಲಿ ಈಜು ಕಲಿತ ನನಗೂ ಮೊದಲ ವರ್ಷ ಮೈ ಜುಮ್ಮೆಂದಿತ್ತು. ಆದರೆ ಇದು ಮರುಭೂಮಿ. ಮರಳನ್ನು ತೊಳೆಯಲು ಮಳೆ ಬರುವುದಿಲ್ಲ, ಸಾವಿರಾರು ಜನ ಅದೇ ದಂಡೆಯಲ್ಲಿ ಮಲಗುತ್ತಾರೆ. ದಡದಲ್ಲಿ ಬಿಟ್ಟರೆ ವಾರದಲ್ಲೇ ನಾರುತ್ತದೆ, ತುಂಬಿ ಹರಿಯುವ ನದಿಯಲ್ಲಾದರೆ ಕರಗಿಹೋಗುತ್ತದೆ. ಚಿಕ್ಕಮ್ಮ ಒಪ್ಪಲಿಲ್ಲ, ಪಾಲಿಸಿದರು.

ಪಾತ್ರೆ ತೊಳೆದ ನೀರನ್ನೂ ಜಾಲರಿಯಲ್ಲಿ ಸೋಸಿಯೇ ನದಿಗೆ ಬಿಡಬೇಕು. ಸೋಸಿ ಉಳಿದದ್ದು ಕಸದ ಚೀಲಕ್ಕೆ. ಬ್ರೆಡ್ಡು ತಿನ್ನುವ ತಂಡಗಳಿಗೆ ಇದು ಎರಡು ನಿಮಿಷದ ಕೆಲಸ. ಸಾರು ಮಾಡುವವರಿಗೆ ಹಾಗಲ್ಲ. ಒಗ್ಗರಣೆಯ ಸಾಸಿವೆ, ಕರಿಬೇವಿನ ಎಸಳು, ಬೇಳೆಯ ಸಿಪ್ಪೆ ಜಾಲರಿಗೆ ಮೆತ್ತಿಕೊಂಡು ನೀರು ಇಳಿಯುವುದೇ ಇಲ್ಲ. ಈಗ ಕನ್ನಡದ ತಂಡಗಳಿಗೆ ದಿನಸಿ ಕಟ್ಟುವಾಗ ಕರಿಬೇವನ್ನು ಹುರಿದು ಸಾರಿನ ಪುಡಿಗೇ ಬೆರೆಸಿಬಿಡುತ್ತೇನೆ.

ಉದ್ಯಾನವನದ ಪರ್ಮಿಟ್ ನದಿಯುದ್ದಕ್ಕೂ ಎಲ್ಲದಕ್ಕೂ ಸಲ್ಲುತ್ತದೆ ಎಂದುಕೊಳ್ಳಬೇಡಿ. ಸುಮಾರು 165ನೇ ಮೈಲಿಯ ನಂತರ ಎಡದಂಡೆ ಹುವಾಲಪೈ ಬುಡಕಟ್ಟಿನ ನೆಲ. ಅಲ್ಲಿ ತಂಗಲು ಅವರ ಅನುಮತಿ ಬೇಕು. ದೋಣಿ ಮೇಲೆತ್ತುವ ಡೈಮಂಡ್ ಕ್ರೀಕ್‌ನ ರಸ್ತೆಯೂ ಅವರದ್ದೇ, ಅದಕ್ಕೂ ಶುಲ್ಕವಿದೆ. ಪ್ರವಾಸದ ಲೆಕ್ಕ ಮುಗಿಸಿ ಕೂತವರು ಕೊನೆಯ ದಿನ ಜೇಬು ತಡಕುವುದು ಇದಕ್ಕೇ.

ಹಾಸನದ ತಂಡ ಇಪ್ಪತ್ತೊಂದನೆಯ ದಿನ ಸುಖವಾಗಿ ದಡ ಹತ್ತಿತು. ಈ ಜನವರಿಯಲ್ಲಿ ಯಜಮಾನರು ಮತ್ತೆ ಫೋನ್ ಮಾಡಿದರು, ಮತ್ತೊಮ್ಮೆ ಹೋಗಬೇಕಂತೆ. ಹೋಗಿಬಂದವರೆಲ್ಲರ ಅಂಕ ಕುಸಿದಿದೆಯಲ್ಲ ಎಂದೆ. ಅವರ ಹೆಂಡತಿ ಆಗ ಮಗಳ ಪರೀಕ್ಷೆ ಎಂದು ಮನೆಯಲ್ಲೇ ಉಳಿದಿದ್ದರು, ಅವರ ಐದು ಅಂಕ ಹಾಗೆಯೇ ಇದೆ. ಅರ್ಜಿ ಅವರ ಹೆಸರಿನಲ್ಲಿ, ಬದಲಿ ನಾಯಕಿ ಅವರ ತಂಗಿ. ಯಜಮಾನರ ಹೆಸರನ್ನು ಅರ್ಜಿಯ ಹತ್ತಿರಕ್ಕೂ ತರಬೇಡಿ ಎಂದು ಎರಡು ಸಲ ಹೇಳಿ ಫೋನ್ ಇಟ್ಟೆ.