ಚಿತ್ರ ತಿಳಿಯಾಯಿತು, ಲೋಹದ ನೆರಳು ಹೋಯಿತೇ?

ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡವರ ಸಿಟಿ ಸ್ಕ್ಯಾನ್‌ನಲ್ಲಿ ಲೋಹದ ಸುತ್ತ ಬಿಳಿ ಗೀರುಗಳೂ ಕಪ್ಪು ಪಟ್ಟೆಗಳೂ ಹರಡಿಕೊಳ್ಳುತ್ತವೆ. ಕೀಲು ಸಡಿಲವಾಗಿದೆಯೇ ಎಂದು ವೈದ್ಯರು ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ.

ಈ ಗೀರುಗಳಿಗೆ ಮುಖ್ಯವಾಗಿ ಎರಡು ಕಾರಣ. ಎಕ್ಸ್-ರೇ ಹಲವು ಶಕ್ತಿಗಳ ಕಿರಣಗಳ ಮಿಶ್ರಣ. ಲೋಹವು ಕಡಿಮೆ ಶಕ್ತಿಯವನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಹೊರಬರುವ ಕಿರಣ 'ಗಡಸಾಗಿ' ಲೆಕ್ಕ ತಪ್ಪುತ್ತದೆ. ಲೋಹ ದಪ್ಪವಿದ್ದರೆ ಡಿಟೆಕ್ಟರ್‌ಗೆ ಕಿರಣವೇ ತಲುಪುವುದಿಲ್ಲ. ಮೊದಲನೆಯದು ತಪ್ಪು ಲೆಕ್ಕ, ಎರಡನೆಯದು ಇಲ್ಲದ ಲೆಕ್ಕ. ಇವೆರಡನ್ನೂ ಒಂದೇ ಎಂದುಕೊಂಡಲ್ಲಿ ಗೊಂದಲ ಶುರುವಾಗುತ್ತದೆ.

ಗೀರುಗಳನ್ನು ತಗ್ಗಿಸುವ ಒಂದು ದಾರಿ 'ಡ್ಯುಯಲ್ ಎನರ್ಜಿ', ಅಂದರೆ ಎರಡು ವೋಲ್ಟೇಜ್‌ಗಳಲ್ಲಿ ಚಿತ್ರ ತೆಗೆಯುವುದು. ಈ ಉಪಾಯವನ್ನು ಸಿಟಿ ಸ್ಕ್ಯಾನರ್ ರೂಪಿಸಿದ ಹೌನ್ಸ್‌ಫೀಲ್ಡ್ 1973ರಲ್ಲೇ ಸೂಚಿಸಿದ್ದರು; 1976ರಲ್ಲಿ ಸಂಶೋಧಕರಾದ ಅಲ್ವಾರೆಜ್ ಮತ್ತು ಮಕೋವ್‌ಸ್ಕಿ ಅದಕ್ಕೆ ಗಣಿತ ಕೊಟ್ಟರು; ಎರಡು ಎಕ್ಸ್-ರೇ ಟ್ಯೂಬ್‌ಗಳ ಯಂತ್ರ ಆಸ್ಪತ್ರೆಗಳಿಗೆ ಬರುವಷ್ಟರಲ್ಲಿ 2006 ಆಗಿತ್ತು. ನಡುವೆ 1980ರ ದಶಕದಲ್ಲಿ ಇನ್ನೊಂದು ದಾರಿ ತೆರೆದಿತ್ತು: ಲೋಹದ ನೆರಳು ಬಿದ್ದ ದತ್ತಾಂಶವನ್ನು ಕಿತ್ತು, ಅಕ್ಕಪಕ್ಕದ ಅಂಕಿಗಳಿಂದ ತೇಪೆ ಹಾಕುವುದು.

ಡ್ಯುಯಲ್ ಎನರ್ಜಿ ತೇಪೆ ಹಾಕುವುದಿಲ್ಲ. ಎರಡು ಅಳತೆಗಳನ್ನು ಬೆರೆಸಿ, ಒಂದೇ ಶಕ್ತಿಯ ಕಿರಣದಿಂದ ತೆಗೆದಂತಹ ಚಿತ್ರವನ್ನು ಲೆಕ್ಕ ಹಾಕಿ ಕಟ್ಟುತ್ತದೆ. ಆ ಶಕ್ತಿಯನ್ನು 70 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಿಂದ 130ರ ಆಸುಪಾಸಿಗೆ ಏರಿಸುತ್ತ ಹೋದರೆ ಗೀರುಗಳು ಕರಗುವುದನ್ನು ಕಣ್ಣಾರೆ ಕಾಣಬಹುದು. ಮೊದಲ ಸಲ ನೋಡಿದವರಿಗೆ ಕಣ್ಕಟ್ಟೇ ಅನ್ನಿಸೀತು. ಟೈಟಾನಿಯಂ ತಿರುಪುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕೋಬಾಲ್ಟ್-ಕ್ರೋಮಿಯಂನ ದಪ್ಪ ಕೀಲಿನ ಮುಂದೆ ಮಂಕಾಗುತ್ತದೆ: ಬಾರದ ಕಿರಣವನ್ನು ಯಾವ ಬೆರಕೆಯೂ ತಂದುಕೊಡದು. ಶಕ್ತಿ ಏರಿದಂತೆ, ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಅಯೋಡಿನ್ ಕಾಂಟ್ರಾಸ್ಟ್ ಕೂಡ ಮಾಸುತ್ತದೆ. ರಕ್ತನಾಳ ನೋಡಬೇಕಾದವರಿಗೆ ಅದು ನಷ್ಟವೇ.

ಆದ್ದರಿಂದ ಈಗ ಎರಡೂ ದಾರಿಗಳನ್ನು ಕೂಡಿಸುವ ರೂಢಿ ಬಂದಿದೆ. ನುಣುಪಾದ ಚಿತ್ರ ಎಲ್ಲರಿಗೂ ಪ್ರಿಯ. ಆದರೆ ತೇಪೆಯ ಲೆಕ್ಕ ಕೆಲವೊಮ್ಮೆ ಲೋಹದ ಅಂಚನ್ನೇ ತಿಂದು, ಕೀಲಿನ ಸುತ್ತ ಇಲ್ಲದ ಕಪ್ಪು ಗೆರೆಯನ್ನು ಮೂಡಿಸುತ್ತದೆ. ಅದು ಥೇಟ್ ಸಡಿಲಿಕೆಯಂತೆಯೇ ಕಾಣುತ್ತದೆ. ತಿದ್ದಿದ ಚಿತ್ರದ ಪಕ್ಕದಲ್ಲಿ ತಿದ್ದದ ಚಿತ್ರವನ್ನೂ ಇಟ್ಟುಕೊಂಡು ಓದುವ ರೇಡಿಯಾಲಜಿಸ್ಟ್‌ಗೆ ಮಾತ್ರ ಆ ಗೆರೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.